ಹಿಂದಿನ ಸೀಟಿನ ಉಪದೇಶಿ ಎರ್ರಣ್ಣನವರು

"ಮಂದಿ ಗಾಡಿ ಮ್ಯಾಲ ಕುಂತು ಬರ್ತೀರಿ, ಮಂದಿ ಮನ್ಯಾಗ ಉಣ್ತೀರಿ, ಮಂದಿ ಬಾಯಿಲೆ ಹಾಡಸ್ತೀರಿ, ಪ್ರಾರ್ಥನಾನೂ ಮಂದಿ ಬಾಯಿಲೇನ ಮಾಡಸ್ತೀರಿ! ಮೂವತ್ತಾರು ವರ್ಷದಾಗ ಒಂದಾರ ಸ್ವಂತ ಕೆಲಸ ಮಾಡೀರೇನ್ರಿ? ಉಪದೇಶಿ ಅಲ್ಲ ನೀವು, ಟಿಕೀಟಿಲ್ಲದ ಪ್ಯಾಸೆಂಜರು!"

ಕಳೆದ ವರ್ಷದ ಸುಗ್ಗಿ ಹಬ್ಬದ ದಿನ, ಕುರುಗೋಡಿನ ಕ್ರೈಸ್ತ ಪ್ರಾರ್ಥನಾ ಮಂದಿರದ ಅಂಗಳದಲ್ಲಿ, ಸಭೆಯ ನಲವತ್ತೊಂದು ಮಂದಿಯ ಎದುರು, ಬಳ್ಳಾರಿಯಿಂದ ಕಾರು ಮಾಡಿಕೊಂಡು ಬಂದಿದ್ದ ಪ್ರಾಂತ ಸಮಿತಿಯ ಹಿರಿಯರ ಎದುರು, ಮೈಕ್‌ಸೆಟ್ಟಿನ ಸಮ್ರಾಟ್ ಎಂಬ ತರುಣ ಉಪದೇಶಿ ಎರ್ರಣ್ಣನವರಿಗೆ ಹೇಳಿದ ಮಾತಿದು. ಮೈಕು ಅವನದೇ, ಕಂಬಕ್ಕೆ ಕಟ್ಟಿದ ಹಾರ್ನುಗಳೂ ಅವನವೇ. ಆದ್ದರಿಂದ ಮಾತು ಬಸ್ ನಿಲ್ದಾಣದವರೆಗೂ ಸ್ಪಷ್ಟವಾಗಿ ಕೇಳಿಸಿತು. ಅಷ್ಟು ಸಿಟ್ಟಿನಲ್ಲಿಯೂ ಅವನು 'ರಿ' ಬಿಟ್ಟಿರಲಿಲ್ಲ ಎಂಬುದನ್ನು ದಾಖಲಿಸುವುದು ನ್ಯಾಯ.

ಎರ್ರಣ್ಣನವರು ಎದ್ದು ಮೈಕಿನ ಹತ್ತಿರ ಬಂದರು.

"ಖರೇ ಐತಪ. ಒಂದೂ ಮಾಡಿಲ್ಲ," ಎಂದರು. ಆಮೇಲೆ ಮೆಲ್ಲಗೆ, "ಈ ಮೈಕ್ ಒಂಚೂರು ಕೆಳಗ ಮಾಡು, ನನಗ ಎಟಕವಲ್ದು."

ಸಮ್ರಾಟ್ ಹಲ್ಲು ಕಡಿಯುತ್ತಲೇ ಕೆಳಗೆ ಮಾಡಿಕೊಟ್ಟ.

ಅಭಿನಂದನ ಗ್ರಂಥದ ಲೇಖನವೊಂದು ಬೈಗುಳದಿಂದ ಆರಂಭವಾಗುವುದು ಶಿಷ್ಟಾಚಾರವಲ್ಲ. ಆದರೆ ಬಳ್ಳಾರಿ ಸೀಮೆಯ ಸಭಾಸೇವೆಯಲ್ಲಿ ಎರ್ರಣ್ಣನವರ ಸ್ಥಾನ ಎಂಥದು ಎಂದು ಯಾರಾದರೂ ಕೇಳಿದರೆ, ಆ ಬೈಗುಳಕ್ಕಿಂತ ಸರಿಯಾದ ವಿವರಣೆ ಸಿಗುವುದು ಕಷ್ಟ. ಈ ಸೀಮೆಯಲ್ಲಿ ಪಂಡಿತರಾದ ಉಪದೇಶಿಗಳು ಆಗಿಹೋಗಿದ್ದಾರೆ, ಕಂಚಿನ ಕಂಠದವರು ಆಗಿಹೋಗಿದ್ದಾರೆ. ಆದರೆ ತಮಗೆ ಏನೂ ಬಾರದೆಂಬುದನ್ನು ಒಂದು ದಿನವೂ ಮುಚ್ಚಿಡದೆ, ಅದೇ ಕಾರಣದಿಂದ ಹೋದ ಊರಿನಲ್ಲೆಲ್ಲ ಬೇರೆಯವರ ಕೈಗೆ ಕೆಲಸವನ್ನೂ ಬಾಯಿಗೆ ಪ್ರಾರ್ಥನೆಯನ್ನೂ ತಂದುಕೊಟ್ಟವರು ಇವರೊಬ್ಬರೇ.

ಇನ್ನು ಸಮ್ರಾಟನ ಸಿಟ್ಟಿಗೆ ಕಾರಣವಿತ್ತು. ಅಂದು ಬೆಳಿಗ್ಗೆಯೇ ಸಮಿತಿಯ ಹಿರಿಯರು, ಬರುವ ವರ್ಷ ಎರ್ರಣ್ಣನವರು ನಿವೃತ್ತರಾದ ಮೇಲೆ ಕುರುಗೋಡಿಗೆ ಬೇರೆ ಉಪದೇಶಿಯನ್ನು ಕಳುಹಿಸುವುದಿಲ್ಲವೆಂದೂ, ಊರವರೇ ಯಾರಾದರೂ ಸಭೆಯನ್ನು ವಹಿಸಿಕೊಳ್ಳದಿದ್ದರೆ ಮಂದಿರಕ್ಕೆ ಬೀಗ ಹಾಕಿ ಎಲ್ಲರೂ ಬಳ್ಳಾರಿಯ ಆರಾಧನೆಗೇ ಬರತಕ್ಕದ್ದೆಂದೂ ಹೇಳಿದ್ದರು. ಕಾರಿನಲ್ಲಿ ಬರುವವರಿಗೆ ಬಳ್ಳಾರಿ ಹತ್ತಿರ. ಬೆಳಗಿನ ಕೂಲಿ ಮುಗಿಸಿ ಬರಿಗಾಲಿನಲ್ಲಿ ಮಂದಿರಕ್ಕೆ ಬರುವವರಿಗೆ ಎಷ್ಟು ದೂರ ಎಂದು ಅವರು ಕೇಳಲಿಲ್ಲ. ಕೇಳುವ ಅಭ್ಯಾಸವೂ ಅವರಿಗಿಲ್ಲ. ಎರ್ರಣ್ಣನವರು ಮಾತ್ರ ತಲೆಯಾಡಿಸುತ್ತ ಕೂತಿದ್ದರು. ಆ ತಲೆಯಾಡಿಸುವಿಕೆಯೇ ಸಮ್ರಾಟನನ್ನು ಮೈಕಿನತ್ತ ಓಡಿಸಿತು.

ಈಗ ಕಾಲಕ್ರಮಕ್ಕೆ ಬರೋಣ. ೧೯೮೮ರ ಜೂನ್ ತಿಂಗಳಲ್ಲಿ, ಒಂದು ಟ್ರಂಕು ಒಂದು ಕೊಡೆಯೊಂದಿಗೆ ಸಿರುಗುಪ್ಪದಲ್ಲಿ ಬಸ್ಸಿಳಿದಾಗ ಎರ್ರಣ್ಣನವರಿಗೆ ಇಪ್ಪತ್ತೆಂಟು ವರ್ಷ. ಮೊದಲ ಭಾನುವಾರ ಕೀರ್ತನೆಯನ್ನು ಎಷ್ಟು ಎತ್ತರಕ್ಕೆ ಎತ್ತಿಕೊಂಡರೆಂದರೆ, ಎರಡನೆಯ ಸಾಲಿಗೆ ಸಭೆಯೆಲ್ಲ ಕೆಳಗುಳಿದು, ಮೂರನೆಯ ಸಾಲಿಗೆ ಅವರೊಬ್ಬರೇ ಮೇಲೆ ಸಿಕ್ಕಿಕೊಂಡಿದ್ದರು. ಬಾಗಿಲಲ್ಲಿ ಚಪ್ಪಲಿಗಳ ಪಕ್ಕ ಕೂತಿದ್ದ, ಭತ್ತದ ನಾಟಿಗೆ ಹೋಗುವ ಸುಂಕಮ್ಮ ಅಲ್ಲಿಂದಲೇ ಕೂಗಿದಳು:

"ಅಯ್ಯನೋರ, ಕೆಳಗ ಇಳೀರಿ, ಬಿದ್ದುಗಿದ್ದೀರಿ!"

ಸಭೆ ಗೊಳ್ಳೆಂದಿತು. ಬೇರೊಬ್ಬರಾಗಿದ್ದರೆ ಆ ಹೆಂಗಸನ್ನು ಗದರಿಸಿ ಹೊರಗೆ ಕಳಿಸುತ್ತಿದ್ದರು. ಎರ್ರಣ್ಣನವರು, "ಇಳಿಸಾಕ ನೀನ ಬಾರವ್ವ," ಎಂದು ಕರೆದು ಮುಂದೆ ಕೂರಿಸಿಕೊಂಡರು. ಅಕ್ಷರ ಬಾರದ ಆ ಸುಂಕಮ್ಮನಿಗೆ ಐವತ್ತಕ್ಕೂ ಹೆಚ್ಚು ಕೀರ್ತನೆಗಳು ಬಾಯಿಪಾಠವಿದ್ದವು. ಇಪ್ಪತ್ತು ವರ್ಷ ಚಪ್ಪಲಿಗಳ ಮಗ್ಗುಲಲ್ಲಿ ಕೂತಿದ್ದವಳನ್ನು, 'ನಿನಗೇನು ಬರುತ್ತದೆ?' ಎಂದು ಒಬ್ಬರೂ ಕೇಳಿರಲಿಲ್ಲ. ಮುಂದಿನ ಹನ್ನೊಂದು ವರ್ಷ ಸಿರುಗುಪ್ಪದಲ್ಲಿ ಹಾಡು ಎತ್ತಿದವಳು ಅವಳೇ. ಉಪದೇಶಿಗಳು ಬಾಯಿ ಆಡಿಸಿದರು, ಅಷ್ಟೇ.

ಹಳ್ಳಿ ತಿರುಗಲೆಂದು ಸಭೆಯವರು ಅವರಿಗೊಂದು ಸೈಕಲ್ ಕೊಟ್ಟಿದ್ದರು. ಒಂದೇ ವಾರದಲ್ಲಿ ಉಪದೇಶಿಗಳು ಸೈಕಲ್ ಸಮೇತ ಮೂರು ಸಲ ಕಾಲುವೆಗೆ ಇಳಿದರು. ಮೂರನೆಯ ಸಲ ಎಳೆದು ಹಾಕಿದ ಅಂಜಿನಿ ಎಂಬ ತರುಣ, "ದೀಕ್ಷಾಸ್ನಾನ ಒಮ್ಮಿ ಆದ್ರ ಸಾಕಲ್ರಿ ಅಯ್ಯನೋರ, ನೀವ್ಯಾಕ ದಿನಾ ತಗಂತೀರಿ?" ಎಂದು, ಅಂದಿನಿಂದ ತನ್ನ ಲೂನಾ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ತಿರುಗತೊಡಗಿದ. ಹಿಂದಿನ ಸೀಟಿನ ಸೇವೆ ಆರಂಭವಾದದ್ದು ಹೀಗೆ. ಅದಕ್ಕೊಂದು ಕ್ರಮವೂ ಬಂತು: ಉಪದೇಶಿಗಳು ಭಾನುವಾರದ ಪಾಠವನ್ನು ಹಿಂದಿನಿಂದ ಹೇಳುತ್ತ ಬರಬೇಕು, ಮುಂದಿನವನು ತನಗೆ ತಿಳಿಯದ ಕಡೆ ಬ್ರೇಕ್ ಹಾಕಬೇಕು. ಸಿರುಗುಪ್ಪದಿಂದ ತೆಕ್ಕಲಕೋಟೆ ಮುಟ್ಟುವುದರೊಳಗೆ ಅಂಜಿನಿ ಒಮ್ಮೆ ಹದಿನಾಲ್ಕು ಸಲ ಬ್ರೇಕ್ ಹಾಕಿದನಂತೆ. ಆ ಪಾಠವನ್ನು ಇಬ್ಬರೂ ಸೇರಿ ದಾರಿಯಲ್ಲೇ ಬಿಟ್ಟರು. ಹೀಗೆ ಬ್ರೇಕ್ ಹಾಕಿ ಹಾಕಿಯೇ ಪಾಠ ಕಲಿತ ಅಂಜಿನಿ ಈಗ ಮೋಕಾ ಎಂಬ ಊರಿನಲ್ಲಿ ಉಪದೇಶಿ. ಲೂನಾ ಹೋಗಿ ಬೈಕ್ ಬಂದಿದೆ, ಬ್ರೇಕ್ ಇನ್ನೂ ಚೆನ್ನಾಗಿದೆ.

೧೯೯೯ರಲ್ಲಿ ಬಳ್ಳಾರಿಯ ಗಾಂಧಿನಗರಕ್ಕೆ ವರ್ಗವಾಯಿತು. ಅಲ್ಲಿ ಆಸ್ಪತ್ರೆಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥಿಸುವುದು ಮುಖ್ಯ ಕೆಲಸ. ಕಾಲು ಮುರಿದುಕೊಂಡು ಮಲಗಿದ್ದ ಲಾರಿ ಮೆಕ್ಯಾನಿಕ್ ಜಂಬಣ್ಣನ ಮಂಚದ ಬಳಿ ಒಂದು ಮಧ್ಯಾಹ್ನ ಉಪದೇಶಿಗಳು ಕಣ್ಣು ಮುಚ್ಚಿ ನಿಂತರು, ಮಾತು ಹೊರಡಲಿಲ್ಲ. ಅವರಿಗೆ ಎರಡು ದಿನದಿಂದ ದವಡೆ ಹಲ್ಲು ನೋವು.

"ಜಂಬಣ್ಣ, ನನಗ ಹಲ್ಲು ಸಿಡಿಯಾಕ ಹತ್ತೈತಿ. ಮದಲು ನೀನ ನನಗೊಂದು ಪ್ರಾರ್ಥನಾ ಮಾಡು."

"ನಾನಾ? ನನಗ ಸ್ಪ್ಯಾನರ್ ಹಿಡಿಯಾಕ ಬರತೈತಿ, ಪ್ರಾರ್ಥನಾ ಎಲ್ಲಿ ಬರತೈತ್ರಿ!"

"ಸಡ್ಲ ಆಗಿದ್ದು ಬಿಗಿ ಮಾಡು ಅಂತ ಹೇಳು, ಆತು."

ರೋಗಿ ಮಂಚದ ಮೇಲೆ ಎದ್ದು ಕೂತ. ಉಪದೇಶಿಗಳು ನೆಲದ ಮೇಲೆ ಕೂತು ತಲೆ ಬಾಗಿಸಿದರು. ಜೀವಮಾನದಲ್ಲಿ ಮೊದಲ ಸಲ ಜಂಬಣ್ಣ ನಾಲ್ಕು ಜನರೆದುರು ದೇವರೊಂದಿಗೆ ಮಾತನಾಡಿದ. ಮರುದಿನ ದಂತವೈದ್ಯರು ಆ ಹಲ್ಲನ್ನು ಕಿತ್ತರು. ಬಿಗಿ ಮಾಡೆಂದು ಬೇಡಿಕೊಂಡದ್ದು ಕಿತ್ತುಬಂತಲ್ಲ ಎಂದು ಜಂಬಣ್ಣ ಒಂದು ವಾರ ಮಂಕಾಗಿದ್ದ. ಆದರೆ ಬಾಯಿಬಿಟ್ಟವನು ಮತ್ತೆ ಮುಚ್ಚಲಿಲ್ಲ. ಕಾಲು ಕೂಡಿದ ಮೇಲೂ ಪ್ರತಿ ಗುರುವಾರ ಆಸ್ಪತ್ರೆಯ ಆ ವಾರ್ಡಿಗೆ ಬಂದು, ಒಂದೊಂದು ಮಂಚದ ಬಳಿಯೂ ನಿಲ್ಲುತ್ತಾನೆ.

೨೦೦೯ರಲ್ಲಿ ಕುರುಗೋಡಿಗೆ ಬಂದರು. ಮಂದಿರದ ಎದುರಿಗೇ ರಸ್ತೆಯಾಚೆ ಟೇಲರ್ ದಾವಲಸಾಬರ ಅಂಗಡಿ. ಬಳ್ಳಾರಿಯ ಸಿದ್ಧ ಜೀನ್ಸ್ ಬಂದ ಮೇಲೆ ಪ್ಯಾಂಟು ಹೊಲಿಸುವವರು ಕಡಿಮೆಯಾಗಿ, ದಾವಲಸಾಬರಿಗೆ ಪಾಠ ಕೇಳಲು ಪುರುಸೊತ್ತಿತ್ತು. ಪ್ರತಿ ಶನಿವಾರ ಎರ್ರಣ್ಣನವರು ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಮರುದಿನದ ಪಾಠ ಒಪ್ಪಿಸುವರು. ದಾವಲಸಾಬರು ಹೆಚ್ಚಾದದ್ದನ್ನು ಕತ್ತರಿಸುವರು. ಒಂದು ಶನಿವಾರ ಕಳೆದುಹೋದ ಕುರಿಯ ಪಾಠ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು, ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಲು ಹೋದ ಎಂಬಲ್ಲಿಗೆ ಬಂದಾಗ ದಾವಲಸಾಬರು ಮಷೀನು ನಿಲ್ಲಿಸಿದರು.

"ತಡಿ ಎರ್ರಣ್ಣ. ಅಂವ ಹುಡುಕಾಕ ಹೋದ ಸರಿ. ತೊಂಬತ್ತೊಂಬತ್ತು ಯಾರ ಕೈಯಾಗ ಬಿಟ್ಟು ಹೋದ?"

"ಅದು ಬರದಿಲ್ಲ."

"ಬರದಿಲ್ಲಂದ್ರ ಇಲ್ಲೇನು? ನಮ್ಮಪ್ಪ ಕುರಿ ಕಾದಾಂವ. ಜತೀಗೊಬ್ಬ ಇಲ್ಲದ ಯಾವ ಕುರುಬನೂ ಹಿಂಡು ಬಿಟ್ಟು ಹೋಗೂದಿಲ್ಲ. ಅಲ್ಲೊಬ್ಬ ಇದ್ದ. ಅವನ ಹೆಸರು ನಿಮ್ಮ ಬುಕ್ಕಿನ್ಯಾಗ ಬಂದಿಲ್ಲ, ಅಷ್ಟ."

ಇಪ್ಪತ್ತೊಂದು ವರ್ಷ ಅದೇ ಪಾಠ ಹೇಳಿದ್ದ ಎರ್ರಣ್ಣನವರು ಬುಕ್ಕು ತೆರೆದು ಆ ಸಾಲನ್ನು ಮತ್ತೆ ಮತ್ತೆ ಓದಿದರು, ಚಹಾ ಆರಿಹೋಯಿತು. ಮರುದಿನ ಸಭೆಯಲ್ಲಿ, ಹೆಸರಿಲ್ಲದ ಆ ಜೊತೆಗಾರನ ಬಗ್ಗೆಯೇ ಪೂರ್ತಿ ಮಾತಾಡಿ, ಇದನ್ನು ಎದುರಿನ ಟೇಲರ್ ಹೇಳಿಕೊಟ್ಟರೆಂದೂ ಹೇಳಿದರು. ಸಮಿತಿಗೆ ದೂರು ಹೋಯಿತು. ಸಮಿತಿ ವಿವರಣೆ ಕೇಳಿತು. ಉಪದೇಶಿಗಳು ವಿವರಣೆಯ ಕಾಗದವನ್ನೂ ದಾವಲಸಾಬರಿಗೆ ಓದಿ ತೋರಿಸಿ, ಅವರು ಕತ್ತರಿಸಿದ ಮೇಲೆಯೇ ಕಳುಹಿಸಿದರು.

ಸುಗ್ಗಿ ಹಬ್ಬದ ಸಂಜೆಗೆ ಮರಳೋಣ. ಅಷ್ಟೆಲ್ಲ ಬೈಸಿಕೊಂಡ ಎರ್ರಣ್ಣನವರು, ಬಸ್ ನಿಲ್ದಾಣಕ್ಕೆ ಹೋಗಬೇಕಾದಾಗ ಸೀದಾ ಬಂದು ಸಮ್ರಾಟನ ಬೈಕಿನ ಹಿಂದೆಯೇ ಕೂತರು. ಸಮ್ರಾಟ್ ಅಂದು ಬ್ರೇಕ್ ಮುಟ್ಟಲಿಲ್ಲ, ರಸ್ತೆಯ ಉಬ್ಬಿನಲ್ಲೂ. ಎಂಟನೇ ತರಗತಿಗೇ ಶಾಲೆ ಬಿಟ್ಟು, ವೈರು ಜೋಡಿಸುವುದರಿಂದ ಹಿಡಿದು ಢೋಲಕ್‌ವರೆಗೆ ಯಾರ ಬಳಿಯೂ ಕೇಳದೆ ಕಲಿತವನು ಅವನು. ಕೇಳುವುದೆಂದರೆ ಅವನಿಗೆ ಕೈಚಾಚಿದಂತೆ. ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ, "ಒಂದು ಐತ್ವಾರ ನನ್ನ ಕೈಗೆ ಕೊಡ್ರಿ. ಒಬ್ಬನ ಮಾಡಿ ತೋರಸ್ತೀನಿ. ನೀವು ಒಳಗ ಬರಬಾರದು," ಎಂದ.

"ಆತಪ," ಎಂದರು ಎರ್ರಣ್ಣನವರು, ಬಹಳ ಸಂತೋಷದಿಂದ.

ಆ ಭಾನುವಾರ ಬಂತು. ಪ್ರತಿ ವಾರ ಜಮಖಾನೆ ಹಾಸುವ ಅಜ್ಜಿ ಗಿಡ್ಡಮ್ಮನಿಗೆ, "ನೀ ಮುಟ್ಟಬ್ಯಾಡ," ಎಂದು ಹೇಳಿ ಸಮ್ರಾಟ್ ತಾನೇ ಹಾಸಿದ. ತಾನೇ ಗಂಟೆ ಹೊಡೆದ. ಢೋಲಕ್‌ಗೆ ಎರಡೂ ಕೈ ಬೇಕಾದ್ದರಿಂದ ಮೈಕನ್ನು ಟವಲ್ಲಿನಿಂದ ಕೊರಳಿಗೆ ಕಟ್ಟಿಕೊಂಡು ತಾನೇ ಹಾಡಿದ. ಪಾಠಕ್ಕೆ ಕಳೆದುಹೋದ ಕುರಿಯನ್ನೇ ಆರಿಸಿಕೊಂಡಿದ್ದ. ಕುರಿ ತಪ್ಪಿಸಿಕೊಂಡಿತು ಎನ್ನುವಷ್ಟರಲ್ಲಿ ಮೈಕು ಸತ್ತಿತು. ಫ್ಯೂಸ್ ಹೋಗಿತ್ತು. ಯಾರಿಗೂ ಏನೂ ಹೇಳದೆ, 'ನಾ ಬರೂತನಕ ಒಂದು ಹಾಡು ಹಾಡ್ರಿ' ಎಂದು ಕೂಡ ಕೇಳದೆ, ಕೊರಳಲ್ಲಿ ಟವಲ್ಲು ಮೈಕಿನ ಸಮೇತ ಹೊರಗೋಡಿ ಏಣಿ ಹತ್ತಿದ. ಕಂಬದ ಮೇಲೆ ಅರ್ಧ ತಾಸು ಕಳೆಯಿತು. ಅಷ್ಟರಲ್ಲಿ ಎಂಟು ದಿನದಿಂದ ಬಾರದ ನಳದ ನೀರು ಬಂತು.

ಎದುರಿನ ಅಂಗಡಿಯ ಸ್ಟೂಲಿನ ಮೇಲೆ, ಒಳಗೆ ಬರಬಾರದೆಂಬ ಆಜ್ಞೆಯನ್ನು ಪಾಲಿಸುತ್ತ ಎರ್ರಣ್ಣನವರು ಕೂತಿದ್ದರು. ದಾವಲಸಾಬರು ಕನ್ನಡಕ ಮೇಲೇರಿಸಿ ನೋಡಿದರು.

"ಎರ್ರಣ್ಣ, ನಿನ್ನ ಸಭಾ ಕೊಡ ತರಾಕ ಹೊಂಟೈತಿ ನೋಡು."

ಸಮ್ರಾಟ್ ಫ್ಯೂಸ್ ಕಟ್ಟಿ ಒಳಗೆ ಬಂದಾಗ ಜಮಖಾನೆಯ ಮೇಲೆ ಉಳಿದದ್ದು ಗಿಡ್ಡಮ್ಮ ಒಬ್ಬಳೇ. ಅದೂ ಅವಳಿಗೆ ಮೊಣಕಾಲು ನೋವಿದ್ದುದರಿಂದ.

"ಕುರಿ ಹುಡುಕಾಕ ಹೋಗಿದ್ಯೋ, ಫ್ಯೂಸ್ ಹುಡುಕಾಕ ಹೋಗಿದ್ಯೋ ಲೇ? ಉಳದ ಕುರಿ ಎಲ್ಲಾ ಮನೀ ಹಾದಿ ಹಿಡದ್ವು!"

ಮುಖ ಕೆಂಪಗೆ ಮಾಡಿಕೊಂಡು ಅವನು ಮೈಕು ಬಿಚ್ಚತೊಡಗಿದ. ಆಗ ಎರ್ರಣ್ಣನವರು ರಸ್ತೆ ದಾಟಿ ಬಂದರು. ನಗಲಿಲ್ಲ. 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಚಪ್ಪಲಿ ಬಿಟ್ಟು ಗಿಡ್ಡಮ್ಮನ ಪಕ್ಕದಲ್ಲಿ ಕೂತು, "ಇನ್ನ ಪಾಠ ಮುಗದಿಲ್ಲಲ್ಲ? ನಾ ಕೇಳಿಲ್ಲ. ನನಗ ಹೇಳಪ," ಎಂದರು. ಇಬ್ಬರೇ ಕೇಳುಗರ ಮುಂದೆ, ಮೈಕಿಲ್ಲದೆ, ಸಮ್ರಾಟ್ ಮೊದಲಿನಿಂದ ಕೊನೆಯವರೆಗೆ ಪಾಠ ಹೇಳಿದ. ಮೂವತ್ತೇಳು ವರ್ಷಗಳ ಉಪಕಾರಗಳಲ್ಲಿ ದೊಡ್ಡದು ಯಾವುದೆಂದರೆ ಅವರವರು ಅವರವರದನ್ನು ಹೇಳಿಯಾರು. ಈ ಲೇಖನದ ಲೆಕ್ಕಕ್ಕೆ ಅಂದು ಕೂತು ಕೇಳಿದ್ದೇ ದೊಡ್ಡದು.

ಎರ್ರಣ್ಣನವರಿಗೆ ಈಗ ಅರವತ್ತೈದು. ಅವರ ಮೊಣಕಾಲು ಗಟ್ಟಿಯಾಗಿರಲಿ, ಉಳಿದ ಹಲ್ಲುಗಳು ಉಳಿಯಲಿ. ಇನ್ನೊಂದು ಮೂವತ್ತು ವರ್ಷ ಯಾರದಾದರೂ ಗಾಡಿಯ ಹಿಂದಿನ ಸೀಟು ಅವರಿಗಾಗಿ ಖಾಲಿ ಇರಲಿ, ಮುಂದೆ ಕೂತವನು ಬ್ರೇಕ್ ಹಾಕುವ ಧೈರ್ಯದವನಾಗಿರಲಿ. ಸೈಕಲ್ ಕಲಿಯುವ ಬುದ್ಧಿಯನ್ನು ಮಾತ್ರ ದೇವರು ಅವರಿಗೆ ಎಂದಿಗೂ ಕೊಡದಿರಲಿ.

ಕಳೆದ ತಿಂಗಳು ಕುರುಗೋಡಿನಲ್ಲಿ ಬೀಳ್ಕೊಡುಗೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಂದಿರದ ಬೀಗದ ಕೈ ತೆಗೆದುಕೊಂಡು ಹೋಗಲು ಸಮಿತಿಯ ಹಿರಿಯರು ಕಾರಿನಲ್ಲಿ ಬಂದಿದ್ದರು. ಎರ್ರಣ್ಣನವರು ಮೈಕಿನ ಮುಂದೆ ನಿಂತರು. ಈ ಸಲ ಅದು ಮೊದಲೇ ಅವರ ಎತ್ತರಕ್ಕೆ ಇಳಿದಿತ್ತು. ಭಾಷಣ ಮಾಡಲಿಲ್ಲ. ವೈರಿನ ಪೆಟ್ಟಿಗೆಯ ಬಳಿ ನಿಂತಿದ್ದವನ ಕಡೆ ತಿರುಗಿದರು.

"ಸಮ್ರಾಟ್, ನಾ ಹೊಂಟೆ. ಈ ನಲವತ್ತೊಂದು ಯಾರ ಕೈಯಾಗ ಬಿಡ್ಲಪ?"

ಮಾತು ಹಾರ್ನುಗಳಿಂದ ಬಸ್ ನಿಲ್ದಾಣದವರೆಗೂ ಹೋಯಿತು. ಸಭೆಯೆಲ್ಲ ಸಮ್ರಾಟನನ್ನೇ ನೋಡಿತು. "ಹೂಂ ಅನ್ನಪ, ಇಲ್ಲಾ ಊಹೂಂ ಅನ್ನು, ನಮಗೂ ಹೊತ್ತಾತು," ಎಂದು ಹಿರಿಯರು ಗೊಣಗಿದರು.

ಸಮ್ರಾಟ್ ಸ್ಟ್ಯಾಂಡಿನಿಂದ ಮೈಕು ಬಿಡಿಸಿ ಗಿಡ್ಡಮ್ಮನ ಕೈಗೆ ಕೊಟ್ಟ. ಅಜ್ಜಿ ಒಂದು ಗಳಿಗೆ ಅವನ ಮುಖ ನೋಡಿ, ಕೂತಲ್ಲಿಂದಲೇ ಹಾಡು ಎತ್ತಿದಳು. ಸಭೆ ಹಿಂದೆ ಹಾಡಿತು, ಒಬ್ಬರೂ ಏಳಲಿಲ್ಲ. ಸಮ್ರಾಟ್ ಚಪ್ಪಲಿ ಮೆಟ್ಟಿ ಅಂಗಳ ದಾಟಿದ, ಹಿರಿಯರ ಕಾರನ್ನು ದಾಟಿದ, ತಿರುಗಿ ನೋಡದೆ ರಸ್ತೆ ದಾಟಿ ದಾವಲಸಾಬರ ಅಂಗಡಿಯ ಖಾಲಿ ಸ್ಟೂಲಿನ ಕಡೆಗೆ, ಬರುವ ಭಾನುವಾರದ ಪಾಠ ಒಪ್ಪಿಸಲು ನಡೆದ.