ಮೊದಲ ಮಾತು ಎದುರಾಳಿಯದು

ಕಾನ್ಸಾಸಿನ ವಾಯುನೆಲೆಯ ಪಕ್ಕದ ಈ ಹೋಟೆಲಿನಲ್ಲಿ ಕಾಫಿ ಬಗ್ಗಿಸುವವಳು ನಾನು. ತಲೆಯ ಮೇಲೆ ಜೆಟ್ ಹಾದರೆ ಎಲ್ಲರೂ ಮಾತು ನಿಲ್ಲಿಸಬೇಕು. ವಾದದ ನಡುವೆ ಹಾದರೆ, ಸದ್ದಡಗಿದ ಮೇಲೆ ಮೊದಲ ಮಾತು ಆಗ ಮಾತಾಡುತ್ತಿದ್ದವನ ಎದುರಾಳಿಯದು. ನಿವೃತ್ತ ವಿಮಾನ ಮೆಕ್ಯಾನಿಕ್‌ಗಳಾದ ಡೆಲ್ಬರ್ಟ್, ಲಾಯ್ಡ್ ಇಬ್ಬರೂ ಮೊಟ್ಟೆಯ ಬೆಲೆಯಿಂದ ಅಧ್ಯಕ್ಷರವರೆಗೆ ಹೀಗೇ ಕಿತ್ತಾಡಿ ನನ್ನ ತಲೆ ತಿನ್ನುತ್ತಿದ್ದರು. ಕಳೆದ ಚಳಿಗಾಲ ಲಾಯ್ಡ್ ತೀರಿಕೊಂಡ.

ಇವತ್ತು ಡೆಲ್ಬರ್ಟ್ ಒಬ್ಬನೇ ಕೂತು ಕೆಣಕಿದ: "ಹೊಸ ಜೆಟ್‌ಗೆ ಸುರಿಯೋ ದುಡ್ಡೆಲ್ಲ ದಂಡ ಕಣೇ!"

ಅದು ಲಾಯ್ಡ್‌ನ ವಾದ. ಡೆಲ್ಬರ್ಟ್ ಅದನ್ನು ಜೀವಮಾನವಿಡೀ ವಿರೋಧಿಸಿದವನು.

"ಹೂಂ ತಾತ, ಸರಿಯಾಗೇ ಹೇಳ್ದೆ."

"ಥೂ! ನಿಂಗಾದ್ರೂ ಎದುರು ಮಾತಾಡೋಕೆ ಬರಲ್ವಾ? ಅವನಾಗಿದ್ರೆ..."

ಅಷ್ಟರಲ್ಲಿ ಜೆಟ್ ಹಾದುಹೋಯಿತು. ಸದ್ದಡಗಿತು. ಡೆಲ್ಬರ್ಟ್ ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಕಾಯುತ್ತಿದ್ದ.