ನಲ್ಲಿಯ ಸ್ಲೇಟು, ಮೊಮ್ಮಗಳ ಖೋಲಿ

ಮಧ್ಯಾಹ್ನ ಉಂಡ ಮೇಲೆ ನನಗೆ ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಹೊತ್ತು ಬರುತ್ತದೆ. ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಆಗ ಫ್ಯಾನಿನ ಸದ್ದೊಂದೇ. ಅವತ್ತು ಅದರ ಜೊತೆ ಮೊಮ್ಮಗಳು ಕಂಪ್ಯೂಟರು ಕುಟ್ಟುವ ಸದ್ದೂ ಇತ್ತು. ಹೊಸ ನೌಕರಿ, ಮೂರು ತಿಂಗಳ ಪರೀಕ್ಷೆ ಅವತ್ತಿಗೆ ಮುಗಿಯುತ್ತಿತ್ತು. ಐದು ಗಂಟೆಗೆ ಪರೇಲಿನ ಆಫೀಸಿನ ಸಾಹೇಬರಿಗೆ ಮನೆಯಿಂದಲೇ ಕೆಲಸ ನಡೆಸಿ ತೋರಿಸಬೇಕು. ಇಲ್ಲವಾದರೆ ನೌಕರಿ ಇಲ್ಲ.

“ಏನಾಗೇತಿ ಬೇ?” ಎಂದೆ, ಕಣ್ಣು ಮುಚ್ಚಿಕೊಂಡೇ.

“ಕಂಟೇನರ್, ಅಜ್ಜಿ. ಮಷೀನ್ ಒಳಗ ಸಣ್ಣ ಖೋಲಿ, ರೂಮ್ ಸಮಝೋ. ಈ ಖೋಲಿ ಬಾಜೂ ಖೋಲಿ ಸಂಗಾಟ ಮಾತಾಡ್ಬೇಕು. ಬಾಜೂದರ ಹೆಸರು, ನಂಬರ್ ಇದರ ಫೈಲ್‌ನಾಗ ಬರೀತೀನಿ, ಚಲ್ತಾ ಹೈ. ಬಂದ್ ಮಾಡಿ ಚಾಲೂ ಮಾಡಿದ್ರ ಆ ಲೈನೇ ಗಾಯಬ್!”

“ಎಷ್ಟು ಸಲ ಬರದಿ?”

“ಸಾತ್ ಬಾರ್.”

“ಭಾಳ ಶ್ಯಾಣ್ಯಾಕಿ ಅದಿ.”

ಹೇಳುತ್ತಲೇ ನಾನು ಕುರ್ಲಾದ ಚಾಳಿಗೆ ಹೋಗಿಬಿಟ್ಟಿದ್ದೆ. ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದ ಹೊಸತು. ಇಡೀ ಚಾಳಿಗೆ ಒಂದೇ ನಲ್ಲಿ. ಯಾರ ಸರದಿ ಯಾವಾಗ ಎಂದು ನಲ್ಲಿಯ ಪಕ್ಕದ ಸ್ಲೇಟಿನಲ್ಲಿ ಬರೆದಿರುತ್ತಿತ್ತು. ನನ್ನ ಹೆಸರಿರಲಿಲ್ಲ. ನಾನು ಕಲಿತದ್ದು ಎರಡನೇ ಇಯತ್ತೆ. ಮರಾಠಿ ಹೆಸರುಗಳ ಕೆಳಗೆ ಕನ್ನಡದಲ್ಲಿ ಸೊಟ್ಟಗೆ ನನ್ನದನ್ನು ಬರೆದೆ. ಅವತ್ತು ನೀರು ಸಿಕ್ಕಿತು. ಮರುದಿನ ಹೆಸರು ಇಲ್ಲ. ಮತ್ತೆ ಬರೆದೆ, ಮತ್ತೆ ಇಲ್ಲ. ಪಕ್ಕದ ಖೋಲಿಯವಳೇ ಒರೆಸುತ್ತಾಳೆಂದು ಅವಳ ಜುಟ್ಟು ಹಿಡಿದೆ. ಆಮೇಲೆ ಕಣ್ಣಾರೆ ನೋಡಿದೆ: ನಲ್ಲಿಯ ಉಸ್ತುವಾರಿ ನೋಡುವ ಮಾವಶಿ ದಿನಾ ನಸುಕಿನಲ್ಲಿ ಸ್ಲೇಟು ತೊಳೆದು, ತನ್ನ ಖೋಲಿಯಲ್ಲಿಟ್ಟ ವಹಿ, ಎಲ್ಲರ ಹೆಸರಿನ ಪುಸ್ತಕ, ನೋಡಿಕೊಂಡು ಹೊಸದಾಗಿ ಬರೆಯುತ್ತಿದ್ದಳು. ವಹಿಯಲ್ಲಿ ನಾನಿರಲಿಲ್ಲ.

ಸ್ಲೇಟಿನ ಬಿಳಿ ನೀರು ಇಳಿಯುತ್ತ ಇಳಿಯುತ್ತ ಮೊಮ್ಮಗಳ ಕಂಪ್ಯೂಟರಿನ ಮೇಲೂ ಹರಿದಂತಾಯಿತು.

“ಚಾಲೂ ಮಾಡಿದಾಗ ಆ ಫೈಲ್ ಯಾರು ಬರೀತಾರ?” ಎಂದು ಕೇಳಿದೆ.

“ಕೋಯೀ ನಹೀ. ಆಪೋಆಪ್ ಬರತೈತಿ.”

“ಆಪೋಆಪ್ ಅಂದ್ರ, ಯಾವ ವಹಿ ನೋಡಿ?”

ಕುಟ್ಟುವುದು ನಿಂತಿತು.

“ಅಜ್ಜಿ... ಬಾಹರ್! ಖೋಲಿ ಹೊರಗ ಒಂದ್ ಫೈಲ್ ಐತಿ. ಅದನ್ನ ನೋಡಿ ಮಷೀನ್ ಪ್ರತಿ ಸಲ ಹೊಸಾ ಖೋಲಿ ಕಟ್ಟತೈತಿ. ನಾ ಒಳಗ ಬರಕೋತ ಕುಂತೀನಿ!”

“ಹಂಗಾರ ಹೊರಗ ಬರಿ. ನನ್ನ ನಿದ್ದಿ ಕೆಡಸಬ್ಯಾಡ.”

ನಾನು ದಾರಿ ತೋರಿಸಿದೆನೆಂದು ಅವಳು ಈಗ ಎಲ್ಲರಿಗೂ ಹೇಳುತ್ತಾಳೆ. ಸುಳ್ಳು. ಅರೆನಿದ್ದೆಯಲ್ಲಿ ಒಂದು ಮಾತು ಕೇಳಿದೆ, ಅಷ್ಟೇ.

ಐದಕ್ಕೆ ಕಂಪ್ಯೂಟರಿನಲ್ಲಿ ಕಾಣುತ್ತಿದ್ದ ಸಾಹೇಬರ ಎದುರೇ ಅವಳು ಆ ಖೋಲಿಯನ್ನು ಬಂದ್ ಮಾಡಿ ಚಾಲೂ ಮಾಡಿದಳು. ನಾನು ಗೋಡೆಯ ಕಡೆ ಹೊರಳಿದೆ. ಚಾಳಿನಲ್ಲಿ ಕೊನೆಗೆ ನಾನು ಕೇಳಿಕೊಂಡ ಮೇಲೆ ಮಾವಶಿ ನನ್ನ ಹೆಸರನ್ನು ವಹಿಯಲ್ಲಿ ಮರಾಠಿಯಲ್ಲಿ ಬರೆದುಕೊಂಡಿದ್ದಳು. ನನಗೆ ಓದಲು ಬರಲಿಲ್ಲ. ಮರುದಿನ ಕೊಡ ತುಂಬಿದಾಗಲೇ ನಂಬಿದ್ದು.

“ಪಕ್ಕಾ ಸಮಝೋ,” ಎಂದರು ಸಾಹೇಬರು ಅಲ್ಲಿಂದ.

“ನಿಂತೈತೇನ ಲೈನು?” ಎಂದೆ.

“ನಿಂತೈತಿ ಅಜ್ಜಿ! ನೌಕರೀನೂ!”

“ಹಂಗಾರ ಏಳು, ಚಾ ಇಡು.”