ಅರಿಸಿನ ತೊಳೆಸಿದ ದನಿ

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದೆ. ಮಕ್ಕಳೇ, ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆ. ನಿಮ್ಮ ತಾತ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಿಮ್ಮಪ್ಪ ಸುತ್ತೂರಿನಲ್ಲಿ ಓದುತ್ತಿದ್ದ. ನಂಜನಗೂಡಿನ ಮನೆಯಲ್ಲಿ ನಾನು ಮತ್ತು ನಿಮ್ಮ ಸೋದರತ್ತೆ ಗಿರಿಜೆ ಇಬ್ಬರೇ. ಅವಳಿಗೆ ವಂಶದಿಂದ ಬಂದ ರಕ್ತಹೀನತೆ. ಮೈಸೂರಿನ ಡಾಕ್ಟರು ಗಂಡಸರ ಹಾರ್ಮೋನಿನ ಮಾತ್ರೆ ಕೊಟ್ಟು, "ಇದು ಈಲಿಗೆ, ಅಂದ್ರೆ ಲಿವರ್‌ಗೆ, ತೊಂದರೆ ಮಾಡಬೋದು. ಮೈ ಹಳದಿಯಾದ್ರೆ ತಕ್ಷಣ ಕರ್ಕೊಂಡ್ ಬನ್ನಿ" ಎಂದಿದ್ದರು.

ರಕ್ತ ಏರಿತು. ಜೊತೆಗೆ ತುಟಿಯ ಮೇಲೆ ಕೂದಲು ಬಂತು, ದನಿ ಒಡೆದು ದಪ್ಪವಾಯಿತು. ಶಾಲೆಯಲ್ಲಿ ಹುಡುಗರು "ಗಿರಿಯಪ್ಪ" ಎಂದು ರೇಗಿಸಿದರೆ, "ಊಂ ಕಣ್ಲಾ, ಅಪ್ಪನೇ. ಬಾ, ಕಾಲಿಗೆ ಬೀಳು!" ಎನ್ನುತ್ತಿದ್ದಳಂತೆ. ಮನೆಗೆ ಬಂದರೆ ಮಾತ್ರ ತಲೆ ಎತ್ತುತ್ತಿರಲಿಲ್ಲ.

ಹೆಣ್ಣುಮಕ್ಕಳ ಮುಖದ ಕೂದಲಿಗೆ ನಮ್ಮಲ್ಲಿ ಅರಿಸಿನವೇ ಮದ್ದು. ದಿನವೂ ತೇಯ್ದು ಅವಳ ಮುಖ, ಕತ್ತು, ಕೈಗಳಿಗೆ ದಟ್ಟವಾಗಿ ಬಳಿಯುತ್ತಿದ್ದೆ. ಮೈ ಹಳದಿಯಾಗಿರುವುದು ನಮ್ಮ ಕಣ್ಣಿಗೆ ಲಕ್ಷಣವೇ.

ಒಂದು ಮಧ್ಯಾಹ್ನ ಅವಳು ಒಳಗೆ ಮಲಗಿದ್ದಳು. ನಾನು ಹಿತ್ತಿಲಲ್ಲಿ ಅರಿಸಿನ ತೇಯುತ್ತಿದ್ದೆ. ಒಳಗಿನಿಂದ ಗಂಡುದನಿ ಕೇಳಿಸಿತು: "ಲೇ ಮೂಗಿ, ಮಗೀಗೆ ಮೊಕ ತೊಳ್ಸು."

ನನ್ನ ಕೈ ನಿಂತುಹೋಯಿತು. ಜನರೆದುರು ಬಾಯಿ ಬಿಡದ ನನ್ನನ್ನು ನಿಮ್ಮ ತಾತ ಮಾತ್ರ, ಅದೂ ಇಬ್ಬರೇ ಇದ್ದಾಗ, ಮೂಗಿ ಎಂದು ಕರೆಯುತ್ತಿದ್ದರು. ಓಡಿ ಹೋಗಿ ಗಿರಿಜೆಯನ್ನು ಎಬ್ಬಿಸಿ, ಕರೆದೆಯಾ ಎಂದು ಕೇಳಿದೆ. "ನಾನೆಲ್ಲಿ ಕರೆದೆ? ನಿದ್ದೆ ಮಾಡ್ತಿದ್ದೆ ಕಣವ್ವ" ಎಂದಳು.

ಆದರೂ ಕಡಲೆಹಿಟ್ಟು ಹಚ್ಚಿ ಮುಖ ತೊಳೆಸಿದೆ. ಅರಿಸಿನ ಹೋಯಿತು, ಹಳದಿ ಹೋಗಲಿಲ್ಲ. ಗಲ್ಲ ಹಿಡಿದು ಎತ್ತಿದರೆ ಕಣ್ಣಿನ ಬಿಳಿಯೂ ಹಳದಿ.

ಅವಳನ್ನು ಕರೆದುಕೊಂಡು ಸಿಕ್ಕಿದ ಬಸ್ಸು ಹತ್ತಿ ಮೈಸೂರಿಗೆ ಹೋದೆ. ಆಸ್ಪತ್ರೆಯ ಬಾಗಿಲಲ್ಲಿ "ನಾಳೆ ಬಾರಮ್ಮ" ಎಂದವನ ಮೇಲೆ, "ಈಗ್ಲೇ ನೋಡ್ಬೇಕು!" ಎಂದು ಕೂಗಿದೆ. ಮೂಗಿ ಕೂಗಿದ್ದು ಅದೇ ಮೊದಲು.

ಮಾತ್ರೆಯೇ ಈಲಿಯನ್ನು ಕೆಡಿಸಿತ್ತು. "ಇನ್ನೂ ತಡ ಮಾಡಿದ್ರೆ ಈಲಿ ಒಡೆದು ಒಳಗೇ ರಕ್ತ ಸುರೀತಿತ್ತು" ಎಂದು ಡಾಕ್ಟರು ಮಾತ್ರೆ ನಿಲ್ಲಿಸಿದರು. ಹಳದಿ ನಿಧಾನವಾಗಿ ಇಳಿಯಿತು. ದನಿ ಮಾತ್ರ ಹಾಗೇ ಉಳಿಯಿತು.

ಆಗಾಗ ರಕ್ತ ಹಾಕಿಸಿಕೊಂಡೇ ಗಿರಿಜೆ ಓದಿದಳು, ತಿ. ನರಸೀಪುರದಲ್ಲಿ ಟೀಚರಾದಳು. ಬದುಕಿದ್ದಷ್ಟು ಕಾಲ ತಲೆ ಎತ್ತಿಯೇ ಬದುಕಿದಳು. ಅವಳು "ಸಾವಧಾನ್" ಎಂದರೆ ರಸ್ತೆಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ನಾನೇ ಒಮ್ಮೆ ಶಾಲೆಯ ಗೇಟಿನ ಹೊರಗೆ ಹಾಗೆ ನಿಂತಿದ್ದೇನೆ.

ಅಂದು ನಿದ್ದೆಯಲ್ಲಿ ಮಾತಾಡಿದ್ದು ಅವಳೇ ಇರಬಹುದು; ದನಿ ಅವಳಪ್ಪನದರಂತೆಯೇ ಆಗಿತ್ತಲ್ಲ. ಆದರೆ ಆ ಹೆಸರು ಅವಳಿಗೆ ಹೇಗೆ ಗೊತ್ತು? ಈಗಲೂ ನಿಮಗೆ ಅರಿಸಿನ ತೇಯುವಾಗ ಒಂದು ಗಳಿಗೆ ಕೈ ನಿಲ್ಲಿಸಿ ಒಳಗಿನತ್ತ ಕಿವಿ ಕೊಡುತ್ತೇನೆ.